ಮಧ್ಯೆ ಬಾಯಿ ಹಾಕಿದವರು

ಅರ್ಜಿ ಬರೆದವರು ಲ್ಯಾಬಿನ ಮುಖ್ಯಸ್ಥರು. ಆದರೆ ಅದರಲ್ಲಿ ಮಾತಾಡುತ್ತಿದ್ದವಳು ಅವಳು. ‘ನನ್ನ ಆರೋಗ್ಯದ ಕಾರಣದಿಂದ ಪರೀಕ್ಷಾ ವಿಭಾಗದ ಕೆಲಸ ನನಗೆ ಕಷ್ಟವಾಗುತ್ತಿದೆ. ಆದ್ದರಿಂದ ನನ್ನನ್ನು ಲೇಬಲ್ ಕೋಣೆಗೆ ಬದಲಾಯಿಸಬೇಕೆಂದು ಕೋರುತ್ತೇನೆ.’ ಚೊಕ್ಕವಾಗಿ ಟೈಪ್ ಮಾಡಿಸಿ, ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಗುರುತನ್ನೂ ಹಾಕಿದ್ದರು.

“ಓದಿ ನೋಡಮ್ಮ. ಎಲ್ಲಾ ನಿನ್ನ ಒಳ್ಳೇದಕ್ಕೇ. ಸಂಬಳ ಅಷ್ಟೇ, ಸರ್ವಿಸ್ ಅಷ್ಟೇ. ಫೋನು ಗೀನು ಅಂತ ಯಾವ ತಾಪತ್ರಯನೂ ಇರಲ್ಲ.”

ಅವಳು ಬಾಯಿ ತೆರೆದಳು. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ಹೋಗಿ ಅಂಟಿಕೊಂಡಿತು. ‘ನ’ ಹೊರಟಿತ್ತು, ಬರಲಿಲ್ಲ. ಮುಖ್ಯಸ್ಥರು ಎರಡು ಸೆಕೆಂಡು ಕಾದರು. ಅವರ ಮಟ್ಟಿಗೆ ಅದು ದೊಡ್ಡ ತಾಳ್ಮೆ.

“ಯೋಚನೆ ಮಾಡ್ತೀನಿ ಅಂತೀಯ. ಮಾಡು, ಮಾಡು. ನಾಳೆ ಹನ್ನೊಂದಕ್ಕೆ ಸೂಪರಿಂಟೆಂಡೆಂಟ್ ರೂಮಲ್ಲಿ ಮೀಟಿಂಗ್. ಅಷ್ಟರೊಳಗೆ ಸಹಿ ಹಾಕಿಬಿಟ್ರೆ ಮಾತು ಅಲ್ಲಿಗೇ ಮುಗಿಯುತ್ತೆ.”

ಅವಳು ಹೇಳಹೊರಟಿದ್ದು ‘ನನಗೆ ಯಾವ ಕಾಯಿಲೆಯೂ ಇಲ್ಲ’ ಎಂದು.

ಆ ಆಸ್ಪತ್ರೆಗೆ ನಾಲ್ಕು ಮಹಡಿ. ಲ್ಯಾಬ್ ನೆಲಮಹಡಿಯ ಕೊನೆಯಲ್ಲಿ, ಎಕ್ಸ್‌ರೇ ಕೋಣೆಯನ್ನು ದಾಟಿದ ಮೇಲೆ ಸಿಗುತ್ತದೆ. ಹದಿನಾರು ವರ್ಷದಿಂದ ಅವಳು ಅಲ್ಲಿ ಟೆಕ್ನಿಷಿಯನ್. ರಕ್ತದ ಕೊಳವೆಯನ್ನು ಬೆಳಕಿಗೆ ಹಿಡಿದು, ಮೇಲೆ ನಿಂತ ತಿಳಿ ಹಳದಿ ನೀರಿನಲ್ಲಿ ಕೆಂಪಿನ ಛಾಯೆ ಸೇರಿದೆಯೇ ಎಂದು ನೋಡಿದರೆ ಸಾಕು, ಯಂತ್ರ ಕೊಡಲಿರುವ ಅಂಕಿಯನ್ನು ನಂಬಬೇಕೋ ಬೇಡವೋ ಎಂದು ಅವಳಿಗೆ ಗೊತ್ತಾಗುತ್ತದೆ. ಅನುಮಾನ ಬಂದಾಗ ಮುಖ್ಯಸ್ಥರೇ ಅವಳ ಮೇಜಿಗೆ ಬಂದು “ಇದೇನಮ್ಮ, ಒಂಚೂರು ನೋಡು” ಎಂದು ಕೊಳವೆ ಚಾಚುತ್ತಿದ್ದರು. ಇನ್ನು ಲೇಬಲ್ ಕೋಣೆ ಎಂದರೆ ಕಿಟಕಿಯಿಲ್ಲದ, ಹಿಂಬದಿಯ ಒಂದು ಗೂಡು. ಬಂದ ಕೊಳವೆಗಳಿಗೆ ಚೀಟಿ ಅಂಟಿಸಿ, ಬಣ್ಣದ ಪ್ರಕಾರ ಬುಟ್ಟಿಗೆ ಹಾಕುವುದು ಅಲ್ಲಿಯ ಕೆಲಸ. ಕಣ್ಣಿಗೆ ಕೆಲಸವಿಲ್ಲ, ತಲೆಗೆ ಮೊದಲೇ ಇಲ್ಲ.

ಉಗ್ಗು ಅವಳಿಗೆ ಐದನೇ ವಯಸ್ಸಿನಿಂದ ಇತ್ತು. ಅದು ಅಕ್ಷರವನ್ನು ಮತ್ತೆ ಮತ್ತೆ ಬಡಿಯುವ ಉಗ್ಗಲ್ಲ, ಗಂಟಲಲ್ಲೇ ಬಾಗಿಲು ಹಾಕಿಕೊಳ್ಳುವ ಜಾತಿಯದು. ಶಾಲೆಯಲ್ಲಿ ಅವಳನ್ನು ‘ಸ್ಕೂಟರ್’ ಎಂದು ಕರೆಯುತ್ತಿದ್ದರು. ಹತ್ತು ಸಲ ಕಿಕ್ ಹೊಡೆದರೂ ಸ್ಟಾರ್ಟ್ ಆಗದ್ದು. ಅವಳು ಎದ್ದು ನಿಂತರೆ ಹಿಂದಿನ ಬೆಂಚಿನವರು ಕಾಲಿನಿಂದ ನೆಲ ಒದೆಯುತ್ತಿದ್ದರು, ಮೇಷ್ಟರೂ ನಕ್ಕುಬಿಡುತ್ತಿದ್ದರು. ಮನೆಗೆ ಬಂದವರದ್ದು ಬೇರೆ ಕಾಟ. “ನಿಧಾನಕ್ಕೆ ಮಾತಾಡು ಮಗಾ”, “ಉಸಿರು ತಗೊಂಡು ಹೇಳು”, “ಹಾಡಿ ನೋಡು, ಹಾಡಿದ್ರೆ ಬರುತ್ತಂತೆ.” ಚಿಕ್ಕಪ್ಪನೊಬ್ಬರು ಬಂದಾಗಲೆಲ್ಲ “ಬಾಯಿ ಇದ್ದೋನು ಬರಗಾಲದಲ್ಲೂ ಬದುಕಿದ” ಎಂದು ಹೇಳಿ, ಅವಳತ್ತ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಹೀಗಿರುವವರೆಲ್ಲ ಕಲಿಯುವ ವಿದ್ಯೆಯನ್ನು ಅವಳೂ ಕಲಿತಳು. ಕಷ್ಟದ ಪದ ಎದುರಿಗೆ ಬಂದರೆ ಪಕ್ಕದ ಓಣಿಗೆ ತಿರುಗಿಬಿಡುವುದು. ‘ಬುಧವಾರ’ ಬರದಿದ್ದರೆ ‘ನಾಡಿದ್ದು’, ‘ಗಂಡ’ ಬರದಿದ್ದರೆ ‘ಮನೆಯವರು’. ಬಸ್ಸಿನಲ್ಲಿ ತನ್ನ ಸ್ಟಾಪಿನ ಹೆಸರು ಬಾಯಿಗೆ ಬರುವುದಿಲ್ಲವೆಂದು ಎರಡು ಸ್ಟಾಪು ಮುಂದಿನದಕ್ಕೆ ಟಿಕೆಟ್ ಕೇಳಿ, ಎರಡು ಸ್ಟಾಪು ಮೊದಲೇ ಇಳಿಯುತ್ತಿದ್ದಳು. ಇದನ್ನು ಗಮನಿಸಿದವನು ಆ ಬಸ್ಸಿನ ಕಂಡಕ್ಟರ್. ಒಂದು ಬೆಳಿಗ್ಗೆ ಅವಳು ಬಾಯಿ ತೆರೆಯುವ ಮೊದಲೇ ಸರಿಯಾದ ಸ್ಟಾಪಿನ ಟಿಕೆಟ್ ಹರಿದು ಕೈಗಿಟ್ಟ. ಒಂದು ಮಾತೂ ಆಡಲಿಲ್ಲ, ನಗಲೂ ಇಲ್ಲ. ಅವಳು ಅವನನ್ನೇ ಮದುವೆಯಾದಳು. ಮುಂದಿನ ಹದಿನೈದು ವರ್ಷ ಅವನು ಅವಳು ಬಾಯಿ ತೆರೆಯುವ ಮೊದಲೇ ಟಿಕೆಟ್ ಹರಿದುಕೊಡುತ್ತಲೇ ಬಂದ. ಅಂಗಡಿಯಲ್ಲಿ, ಮಗನ ಶಾಲೆಯಲ್ಲಿ, ನೆಂಟರ ಮನೆಯಲ್ಲಿ ಅವಳ ಅರ್ಧ ಮಾತಿಗೆ ಉಳಿದರ್ಧ ಅವನದೇ.

ಲ್ಯಾಬಿನಲ್ಲಿ ಈ ವಿದ್ಯೆ ನಡೆಯುತ್ತಿರಲಿಲ್ಲ. ಅಂಕಿಗೆ ಪಕ್ಕದ ಓಣಿ ಇಲ್ಲ. ರೋಗಿಯ ಜೀವಕ್ಕೆ ಅಪಾಯವಿರುವ ಫಲಿತಾಂಶ ಬಂದರೆ ಹತ್ತು ನಿಮಿಷದೊಳಗೆ ವಾರ್ಡಿಗೆ ಫೋನ್ ಮಾಡಿ ಬಾಯಲ್ಲೇ ಹೇಳಬೇಕೆಂಬುದು ನಿಯಮ. ತನ್ನ ಹೆಸರು, ರೋಗಿಯ ನಂಬರು, ಅಂಕಿ. ಕೇಳಿಸಿಕೊಂಡವರು ಅದನ್ನು ಬರೆದುಕೊಂಡು ಮತ್ತೆ ಓದಿ ಹೇಳಬೇಕು. ಈ ನಿಯಮದ ಹಾಳೆ ಫೋನಿನ ಮೇಲಿನ ಗೋಡೆಯಲ್ಲಿ ಹಳದಿಗಟ್ಟಿತ್ತು. ಓದಿ ಹೇಳುವವರು ಯಾರೂ ಇರಲಿಲ್ಲ. “ಆಯ್ತು ಆಯ್ತು” ಎಂದು ಇಟ್ಟುಬಿಡುವುದೇ ರೂಢಿ.

ಫೋನು ಉಗ್ಗುವವರ ಶತ್ರು. ಎದುರಿಗಿದ್ದವರಿಗೆ ಕನಿಷ್ಠ ಅವಳ ತುಟಿ ಒದ್ದಾಡುವುದು ಕಾಣಿಸುತ್ತದೆ, ಫೋನಿನಲ್ಲಿ ಬರೀ ಮೌನ. ಹಾಗಾಗಿ ಅವಳಿಗೂ ಕಿರಿಯ ಸಹೋದ್ಯೋಗಿಗೂ ಒಂದು ಒಪ್ಪಂದವಿತ್ತು. ಕಿರಿಯಳು ಫೋನ್ ಮಾಡುತ್ತಾಳೆ, ಅವಳ ಪಾಲಿನ ಗಾಜುಪಟ್ಟಿಗಳನ್ನು ಇವಳು ಸೂಕ್ಷ್ಮದರ್ಶಕದಲ್ಲಿ ನೋಡಿಕೊಡುತ್ತಾಳೆ. ಆರು ವರ್ಷ ಈ ಗಾಡಿ ಓಡಿತ್ತು. ಮುಖ್ಯಸ್ಥರಿಗೂ ಗೊತ್ತಿತ್ತು. ಗೊತ್ತಿಲ್ಲದಂತಿರುವುದು ಅವರಿಗೆ ಅನುಕೂಲವಾಗಿತ್ತು.

ಸೋಮವಾರ ಕಿರಿಯಳು ರಜೆ, ಮುಖ್ಯಸ್ಥರು ಊಟಕ್ಕೆ ಹೋಗಿದ್ದರು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ನಾಲ್ಕನೇ ಮಹಡಿಯ ವಾರ್ಡಿನ ಒಬ್ಬ ಮುದುಕರ ಪೊಟ್ಯಾಷಿಯಂ ಏಳು ಪಾಯಿಂಟ್ ನಾಲ್ಕು ಎಂದು ಯಂತ್ರ ತೋರಿಸಿತು. ಐದರೊಳಗೆ ಇರಬೇಕಾದದ್ದು. ಏಳು ದಾಟಿದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಅವಳು ಕೊಳವೆಯನ್ನು ಬೆಳಕಿಗೆ ಹಿಡಿದಳು. ಕೆಂಪಿನ ಛಾಯೆಯಿಲ್ಲದೆ ತಿಳಿಯಾಗಿತ್ತು. ಮತ್ತೊಮ್ಮೆ ಯಂತ್ರಕ್ಕೆ ಹಾಕಿದಳು. ಮತ್ತೆ ಏಳು ಪಾಯಿಂಟ್ ನಾಲ್ಕು.

ಫೋನೆತ್ತಿದಳು. ತನ್ನ ಹೆಸರಿನ ಮೊದಲಕ್ಷರದಲ್ಲೇ ಬಾಗಿಲು ಹಾಕಿಕೊಂಡಿತು. “ಹಲೋ? ಹಲೋ? ಯಾರ್ರೀ ಅದು?” ಕಟ್. ಮತ್ತೆ ಮಾಡಿದಳು. “ಹಲೋ! ಮಾತಾಡಲ್ಲ ಅಂದ್ರೆ ಯಾಕೆ ಮಾಡ್ತೀರಿ, ಇಲ್ಲಿ ನಾವೇನು ಆಟ ಆಡ್ತಾ ಇದೀವಾ?” ಕಟ್. ಮೂರನೆಯ ಸಲ ಹೆಸರನ್ನು ಬಿಟ್ಟು ನೇರ ವಿಷಯಕ್ಕೆ ಬಂದಳು. “ಲ್ಯಾಬಿಂದ. ಹದಿನೆಂಟನೇ ಬೆಡ್ಡು. ಪೊಟ್ಯಾಷಿಯಂ...” ಅಲ್ಲಿ ನಿಂತಿತು. ‘ಏಳು’ ಬರಲಿಲ್ಲ. ‘ಸೆವೆನ್’ ಅನ್ನಲು ನೋಡಿದಳು, ಆ ಬಾಗಿಲೂ ಹಾಕಿತ್ತು.

“ಓ, ನೀವಾ ಅಕ್ಕಾ” ಎಂದಳು ನರ್ಸ್. ಅವಳ ದನಿ ಮೆತ್ತಗಾಯಿತು. “ಹದಿನೆಂಟಾ? ನಾಲ್ಕೂವರೆ ತಾನೆ? ನಿನ್ನೆನೂ ಅಷ್ಟೇ ಇತ್ತು. ಬರ್ಕೊಂಡೆ, ಬರ್ಕೊಂಡೆ, ನೀವು ಕಷ್ಟಪಡಬೇಡಿ.” ಕಟ್.

ಅವಳು ರಿಸೀವರನ್ನು ಇಟ್ಟಳು. ನಂತರ ಫಲಿತಾಂಶದ ಕಾಗದವನ್ನು ಹರಿದುಕೊಂಡು ಓಡಿದಳು. ಲಿಫ್ಟು ಮೂರನೇ ಮಹಡಿಯಲ್ಲಿ ಸ್ಟ್ರೆಚರ್ ತುಂಬಿಕೊಳ್ಳುತ್ತಿತ್ತು. ಮೆಟ್ಟಿಲು ಹತ್ತಿದಳು. ವಾರ್ಡಿನಲ್ಲಿ ಸಿಕ್ಕ ಡಾಕ್ಟರ ಕಣ್ಣೆದುರು ಕಾಗದ ಹಿಡಿದು ಹದಿನೆಂಟನೇ ಬೆಡ್ಡಿನ ಕಡೆ ಬೆರಳು ತೋರಿಸಿದಳು. ಡಾಕ್ಟರು ಅಂಕಿ ಓದಿದವರೇ ಧಾವಿಸಿದರು. ಇಸಿಜಿ ಪಟ್ಟಿಯಲ್ಲಿ ಅಲೆಗಳು ಆಗಲೇ ಸೂಜಿಯಂತೆ ಚೂಪಾಗಿ ಎದ್ದಿದ್ದವು. ಇಂಜೆಕ್ಷನ್ ಬಿತ್ತು. ಮುದುಕರು ಬದುಕಿದರು. ತಮಗೇನಾಗಿತ್ತೆಂದು ಅವರಿಗೆ ಗೊತ್ತೇ ಆಗಲಿಲ್ಲ. ಅಂದು ಸಂಜೆ ಅವರ ತಕರಾರು ಇದ್ದದ್ದು ದಿಂಬು ಗಟ್ಟಿ ಎಂಬುದರ ಬಗ್ಗೆ.

ಉಳಿದದ್ದು ವಾರ್ಡಿನ ಪುಸ್ತಕ. ಅದರಲ್ಲಿ ‘2.20, ಲ್ಯಾಬಿನಿಂದ ಫೋನ್, ಪೊಟ್ಯಾಷಿಯಂ 4.5’ ಎಂದಿತ್ತು. ಅದಾದ ಐದು ನಿಮಿಷಕ್ಕೆ ಡಾಕ್ಟರ ಕೈಬರಹದಲ್ಲಿ 7.4. ಎರಡರಲ್ಲಿ ಒಂದು ತಪ್ಪಾಗಿರಲೇಬೇಕು. ನರ್ಸ್ ತನ್ನ ಹೊಣೆ ತಪ್ಪಿಸಿಕೊಳ್ಳಲು ‘ಲ್ಯಾಬ್ ತಪ್ಪು ಅಂಕಿ ಹೇಳಿತು’ ಎಂದು ಬರೆದುಕೊಟ್ಟಳು. ಇಪ್ಪತ್ತು ನಿಮಿಷ ಲ್ಯಾಬ್ ಖಾಲಿಯಿತ್ತು, ತುರ್ತು ವಿಭಾಗದ ಸ್ಯಾಂಪಲ್ ಕಾಯಬೇಕಾಯಿತು ಎಂಬುದೂ ಸೇರಿಕೊಂಡಿತು. ಬುಧವಾರದ ಹೊತ್ತಿಗೆ ಇಡೀ ಆಸ್ಪತ್ರೆ ಒಂದೇ ರಾಗ ಹಾಡುತ್ತಿತ್ತು: ಪಾಪ, ಒಳ್ಳೆ ಹೆಂಗಸು, ಆದರೆ ಆ ಕೆಲಸ ಅವಳಿಗಲ್ಲ.

ಆ ‘ಪಾಪ’ ಅವಳ ಮೈಯಲ್ಲಿ ಕೆಂಡದಂತೆ ಕೂತಿತ್ತು.

ಅಂದು ಸಂಜೆ ಅಡುಗೆಮನೆಯಲ್ಲಿ ಅವಳು ಅರ್ಜಿಯನ್ನು ಗಂಡನ ಮುಂದಿಟ್ಟಳು. ಅವನು ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಅವನ ತಾಯಿ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಅವರಿಗೆ ಕಿವಿ ಮಂದ. “ನಂಗೆ ಕೇಳಲ್ಲ, ಇವಳಿಗೆ ಹೇಳಕ್ಕಾಗಲ್ಲ. ನಮ್ಮಷ್ಟು ಹೊಂದ್ಕೊಂಡು ಹೋಗೋ ಅತ್ತೆ ಸೊಸೆ ಯಾರಿದಾರೆ ತೋರ್ಸಿ” ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚುವ ಮುದುಕಿ.

ಅವನು ಅರ್ಜಿ ಓದಿದ. “ಹಾಕಿಬಿಡು ಸಹಿ. ಆನೆ ಜೊತೆ ಗುದ್ದಾಟ ಯಾಕೆ? ಸಂಬಳ ಕಮ್ಮಿ ಮಾಡಲ್ಲ ಅಂದಿದಾರಲ್ಲ.”

“ನನಗೆ...”

“ಗೊತ್ತು ಮಾರಾಯ್ತಿ, ಬೇಜಾರಾಗಿದೆ. ಆಗದೆ ಇರುತ್ತಾ?”

ಅವಳು ಎದ್ದು ಬಂದು ತನ್ನ ಅಂಗೈಯನ್ನು ಅವನ ಬಾಯಿಯ ಮೇಲೆ ಒತ್ತಿ ಹಿಡಿದಳು. ತುತ್ತು ಅವನ ಬಾಯೊಳಗೇ ಇತ್ತು. ಮೀಸೆ ಅಂಗೈಗೆ ಚುಚ್ಚುತ್ತಿತ್ತು. ಅವನ ಕಣ್ಣು ಅಗಲವಾಯಿತು. ಅವಳು ಕೈ ತೆಗೆಯಲಿಲ್ಲ. ‘ಬೇಜಾರಲ್ಲ’ ಎಂಬುದರ ‘ಬೇ’ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡಿತು.

“ನನಗೆ ಬೇಜಾರಲ್ಲ. ಕೋಪ. ಹದಿನೈದು ವರ್ಷದಿಂದ ನೀವು... ಎಲ್ಲಾ ತಪ್ಪು ತಪ್ಪು ಮುಗಿಸ್ತೀರಿ. ನನ್ನ ಮಾತನ್ನ.”

ಕೈ ತೆಗೆದಳು. ಅವನು ತುತ್ತು ನುಂಗಿದ.

“ಏನಂತೆ?” ಎಂದರು ಅತ್ತೆ.

“ಕೋಪ ಅಂತೆ” ಎಂದು ಅವನು ಕೂಗಿ ಹೇಳಿದ.

“ಇಷ್ಟು ದಿನ ಇರ್ಲಿಲ್ವಾ?” ಎಂದರು ಅವರು. “ನಂಗೆ ಕಿವಿ ಇಲ್ದೆ ಇದ್ರೂ ಕಾಣ್ತಿತ್ತಲ್ಲೋ. ಅವಳು ಪಾತ್ರೆ ತೊಳೆಯೋದು ನೋಡಿಲ್ವಾ ನೀನು?”

ಅವನಿಗೆ ನೋವಾಗಿತ್ತು. “ನಾನೇನು ಕೆಟ್ಟದ್ದು ಮಾಡಿದೆ ಹೇಳು. ನಿಂಗೆ ಕಷ್ಟ ಆಗಬಾರದು ಅಂತ ತಾನೆ? ಅವತ್ತು ಕೇಳೋ ಮುಂಚೆ ಟಿಕೆಟ್ ಕೊಟ್ಟೆ ಅಂತ ತಾನೆ ನನ್ನನ್ನ ಮದುವೆ ಆಗಿದ್ದು?”

ಅದು ನಿಜವೇ ಆಗಿತ್ತು. ನಿಜವಾಗಿದ್ದುದೇ ಅವಳ ಕೋಪವನ್ನು ಇನ್ನಷ್ಟು ಹೆಚ್ಚಿಸಿತು. ನರ್ಸ್ ಕೂಡ ಕೆಟ್ಟವಳಲ್ಲ. ‘ಕಷ್ಟಪಡಬೇಡಿ’ ಎಂದೇ ಹೇಳಿದ್ದಳು. ಮುಖ್ಯಸ್ಥರೂ ಒಳ್ಳೆಯದಕ್ಕೇ ಅಂದಿದ್ದರು. ಒಬ್ಬ ಕೆಟ್ಟವನೂ ಇಲ್ಲದೆ, ಎಲ್ಲರೂ ಸೇರಿ, ಒಳ್ಳೆಯ ಮನಸ್ಸಿನಿಂದ ಹದಿನೆಂಟನೇ ಬೆಡ್ಡಿನ ಮುದುಕರನ್ನು ಇನ್ನೇನು ಕೊಂದೇಬಿಡುತ್ತಿದ್ದರು. ಈಗ ಅದೇ ಒಳ್ಳೆಯ ಮನಸ್ಸಿನಿಂದ ಅವಳನ್ನು ಕಿಟಕಿಯಿಲ್ಲದ ಕೋಣೆಗೆ ತಳ್ಳುತ್ತಿದ್ದಾರೆ.

ಗುರುವಾರ ಹನ್ನೊಂದು ಗಂಟೆಗೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ನಾಲ್ಕು ಜನರಿದ್ದರು: ಮೇಜಿನ ಹಿಂದೆ ಅವರು, ಎದುರಿನ ಕುರ್ಚಿಗಳಲ್ಲಿ ಲ್ಯಾಬಿನ ಮುಖ್ಯಸ್ಥರು, ಆ ನರ್ಸ್, ಮತ್ತು ಅವಳು. ಮೇಜಿನ ಮೇಲೆ ವಾರ್ಡಿನ ಪುಸ್ತಕವಿತ್ತು. ಸೂಪರಿಂಟೆಂಡೆಂಟರು ಗಡಿಯಾರ ನೋಡಿ, “ಅರ್ಜಿ ತಂದಿದೀರಾ?” ಎಂದರು.

ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಪೆನ್ಸಿಲ್ ಗುರುತಿನ ಜಾಗ ಖಾಲಿಯಿತ್ತು.

“ಸಹಿ ಇಲ್ಲವಲ್ಲ?”

“ಹಾಕಲ್ಲ. ಒಂದು ಮಾತು ಹೇಳಬೇಕು. ನಾಲ್ಕೂವರೆ ಅಂತ...” ನಿಂತಿತು.

“ಬಾಯ್ತಪ್ಪಿ ಬಂದುಬಿಡ್ತು, ಅಷ್ಟೇ ತಾನೆ?” ಎಂದರು ಸೂಪರಿಂಟೆಂಡೆಂಟರು. “ಆಗುತ್ತಮ್ಮ. ನಾವ್ಯಾರೂ ನಿಮ್ಮನ್ನ...”

“ಅಲ್ಲ.” ಆ ಪದ ಸಲೀಸಾಗಿ ಬಂತು. “ನೀವು ಮಧ್ಯೆ ಬಾಯಿ ಹಾಕಿದ್ರಿ. ಮೊದಲಿಂದ ಹೇಳ್ತೀನಿ. ನಾಲ್ಕೂವರೆ ಅಂತ ಹೇಳಕ್ಕೆ...”

ಈ ಸಲ ಬಾಗಿಲು ಗಟ್ಟಿಯಾಗಿ ಹಾಕಿಕೊಂಡಿತು. ಕುತ್ತಿಗೆಯ ನರ ಉಬ್ಬಿತು, ಕಣ್ಣು ತಾನಾಗಿ ಮುಚ್ಚಿತು. ಇಂಥ ಹೊತ್ತಿನಲ್ಲಿ ತನ್ನ ಮುಖ ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನು ಯಾರೂ ನೋಡಬಾರದೆಂದೇ ನಲವತ್ತು ವರ್ಷ ಓಣಿ ಓಣಿ ತಿರುಗಿದವಳು. ಇವತ್ತು ಮುಖ ತಿರುಗಿಸಲಿಲ್ಲ. ನೋಡಲಿ.

“ಸಾರ್, ಅವಳು ಹೇಳೋದೇನು ಅಂದ್ರೆ, ಫೋನ್‌ನಲ್ಲಿ ಸರಿಯಾಗಿ...” ಎಂದು ಮುಖ್ಯಸ್ಥರು ಶುರುಮಾಡಿದರು.

“ನಾನು ಹೇಳೋದು ನಾನು ಹೇಳ್ತೀನಿ ಸಾರ್. ಮೊದಲಿಂದ.”

“ಅಯ್ಯೋ, ಹಿಂಗಾದ್ರೆ ಸಂಜೆ ಆಗುತ್ತಲ್ಲಮ್ಮ.”

“ಆಗಲಿ.”

ಮೂರನೆಯ ಸಲ ನರ್ಸ್ ಬಾಯಿ ಹಾಕಿದಳು. ನಾಲ್ಕನೆಯ ಸಲ ಯಾರೂ ಹಾಕಲಿಲ್ಲ, ಆದರೆ ಸೂಪರಿಂಟೆಂಡೆಂಟರ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಅವಳು ಮಾತು ನಿಲ್ಲಿಸಿ ಆ ಬೆರಳನ್ನೇ ನೋಡಿದಳು. ಬೆರಳು ನಿಂತಿತು. ಅವಳು ಮತ್ತೆ ಮೊದಲಿಂದ ಶುರುಮಾಡಿದಳು. ಅವಳ ಉಗ್ಗು ಅಂದು ಒಂದಿಷ್ಟೂ ಕಡಿಮೆಯಿರಲಿಲ್ಲ, ಬೇರೆ ದಿನಗಳಿಗಿಂತ ಹೆಚ್ಚೇ ಇತ್ತು. ಕಡಿಮೆಯಾಗಿದ್ದದ್ದು ಅದಕ್ಕಾಗಿ ಕ್ಷಮೆ ಕೇಳುವ ಅಭ್ಯಾಸ.

“ನಾಲ್ಕೂವರೆ ಅಂತ ಹೇಳಕ್ಕೆ, ಲ್ಯಾಬಿನವರು, ಯಾವತ್ತಾದ್ರೂ, ಫೋನ್ ಮಾಡಿದಾರಾ?”

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೂರು ದಿನ, ಇಷ್ಟು ಜನ, ಇಷ್ಟು ಕಾಗದ. ಎತ್ತು ಈಯ್ತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ, ಹಾಗಾಗಿತ್ತು. ನಾಲ್ಕೂವರೆ ಎಂದರೆ ಆರೋಗ್ಯವಂತರ ಅಂಕಿ. ಆರೋಗ್ಯ ಚೆನ್ನಾಗಿದೆ ಎಂದು ತಿಳಿಸಲು ಯಾವ ಲ್ಯಾಬೂ ಮೂರು ಸಲ ಫೋನ್ ಮಾಡುವುದಿಲ್ಲ. ಅಪಾಯವಿದ್ದರೆ ಮಾತ್ರ ಆ ಫೋನು ಹೊಡೆದುಕೊಳ್ಳುತ್ತದೆ. ಅದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಸೂಪರಿಂಟೆಂಡೆಂಟರು ಪುಸ್ತಕವನ್ನು ಹತ್ತಿರ ಎಳೆದುಕೊಂಡು ಹಿಂದಿನ ಪುಟಗಳನ್ನು ತಿರುವಿದರು. ಲ್ಯಾಬಿನಿಂದ ಫೋನ್ ಎಂದು ಬರೆದಿದ್ದ ಕಡೆಯೆಲ್ಲ ಬೆರಳಿಟ್ಟು ನೋಡಿದರು. ಒಂದು ಪುಟ, ಎರಡು ಪುಟ, ಏಳು ಪುಟ. ಒಂದೇ ಒಂದು ಒಳ್ಳೆಯ ಅಂಕಿ ಇರಲಿಲ್ಲ, ಆ ನಾಲ್ಕೂವರೆಯೊಂದನ್ನು ಬಿಟ್ಟು.

“ಸಿಸ್ಟರ್, ಈ ಅಂಕಿ ಯಾರು ಹೇಳಿದ್ದು?”

ನರ್ಸ್ ಕೆಂಪಾದಳು. “ಅವರು ಹೇಳ್ತಾನೇ ಇರ್ಲಿಲ್ಲ ಸಾರ್. ನಾಲ್ಕೂವರೆ ತಾನೆ ಅಂದೆ. ಇಲ್ಲ ಅನ್ನಲಿಲ್ಲ.”

“ಅನ್ನೋ ಮುಂಚೆ... ಇಟ್ರಿ” ಎಂದಳು ಅವಳು.

“ಪಾಪ ಅಂತ ಇಟ್ಟೆ ಅಕ್ಕಾ. ನಿಮಗೆ ಕಷ್ಟ ಆಗ್ತಿತ್ತು.”

“ನನಗಲ್ಲ ಕಷ್ಟ. ನಿಮಗೆ. ನಾ... ನಾನು ಸುಮ್ಮನಿರೋದನ್ನ ಕೇಳಿಸ್ಕೊಳ್ಳೋ ಕಷ್ಟ.” ಅವಳ ದನಿ ಏರಿತ್ತು. “ಹತ್ತು ಸೆಕೆಂಡು. ಅಷ್ಟು ತಡ್ಕೊಳ್ಳಕ್ಕಾಗಲ್ವಾ ನಿಮಗೆ?”

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿದರು. “ಆಯ್ತು. ಅರ್ಥ ಆಯ್ತು. ಲೇಬಲ್ ಕೋಣೆ ವಿಷಯ ಬಿಡೋಣ. ನೀವು ಪರೀಕ್ಷೆ ಮಾಡಿ, ಫೋನ್ ಮಾತ್ರ ಬೇರೆಯವರು...”

“ಫೋನೂ ನಾನೇ.”

ಮುಖ್ಯಸ್ಥರು ಅವಳತ್ತ ತಿರುಗಿ ನೋಡಿದರು. ಆರು ವರ್ಷ ಫೋನಿನಿಂದ ಓಡಿಹೋಗುತ್ತಿದ್ದವಳು ಇವಳೇನಾ ಎಂಬಂತೆ. ಅವಳಿಗೂ ಆ ಮಾತು ಹೊರಬಿದ್ದ ಮೇಲೆಯೇ ಗೊತ್ತಾದದ್ದು. ಭಯವಾಯಿತು. ಹಿಂದೆ ತೆಗೆದುಕೊಳ್ಳಲಿಲ್ಲ. ಕಂಡ ಅಂಕಿಯನ್ನು ತಾನೇ ಹೇಳಲು ಬಿಡದಿದ್ದರೆ, ಆ ಮೇಜಿನ ಮುಂದೆ ಕೂತರೂ ಲೇಬಲ್ ಅಂಟಿಸಿದಂತೆಯೇ.

ಬೇಕಾದ್ದೇನೆಂದು ಅವರು ಕೇಳಿದರು, ಅವಳು ಹೇಳಿದಳು. ಲ್ಯಾಬಿನ ಫೋನ್ ಎತ್ತಿದವರು ತಾವಾಗಿ ಯಾವ ಅಂಕಿಯನ್ನೂ ಹೇಳಬಾರದು. ಎಷ್ಟು ಹೊತ್ತಾದರೂ ಕಾಯಬೇಕು. ಕೇಳಿದ ಅಂಕಿಯನ್ನು ಓದಿ ಹೇಳಿ, ಆ ಕಡೆಯವರು ಹೌದು ಎಂದ ಮೇಲೆಯೇ ಇಡಬೇಕು. ಮೂರು ಮಾತಿಗೆ ಆರು ನಿಮಿಷ ಹಿಡಿಯಿತು. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ಮುಖ್ಯಸ್ಥರು ಕಿಟಕಿಯಾಚೆಗೆ ನೋಡುತ್ತಿದ್ದರು.

“ಒಳ್ಳೇದು” ಎಂದರು ಸೂಪರಿಂಟೆಂಡೆಂಟರು. “ಇದನ್ನ ಬರವಣಿಗೇಲಿ ಕೊಟ್ಟುಬಿಡಿ. ನಿಮಗೂ ಸುಲಭ.”

ಶಾಲೆಯಿಂದ ಇಲ್ಲಿಯವರೆಗೆ ಎಷ್ಟು ಜನ ಅವಳಿಗೆ ಈ ಮಾತು ಹೇಳಿದ್ದರೋ. ಬರೆದು ತೋರಿಸು ಮಗಾ. ಚೀಟಿ ಬರೆದುಕೊಡಮ್ಮ.

“ಹೇಳಿದ್ದೀನಲ್ಲ ಸಾರ್. ನೀವು ಬರ್ಕೊಳ್ಳಿ.”

ಅವರು ಸಹಿಯಿಲ್ಲದ ಅರ್ಜಿಯನ್ನು ಮಗುಚಿ, ಅದರ ಖಾಲಿ ಬೆನ್ನಿನ ಮೇಲೆ ಬರೆದುಕೊಳ್ಳತೊಡಗಿದರು.

ಹೊರಗೆ ಮೆಟ್ಟಿಲಿಳಿಯುವಾಗ ಮುಖ್ಯಸ್ಥರು ಅವಳ ಪಕ್ಕಕ್ಕೆ ಬಂದರು. ಅರ್ಧ ಮಹಡಿ ಇಳಿದ ಮೇಲೆ, “ಎಲ್ಲಾ ಸರಿ” ಎಂದರು. “ಆದ್ರೆ ಇಷ್ಟೊಂದು ಕೋಪ ಒಳ್ಳೇದಲ್ಲಮ್ಮ.”

ಅವಳು ಮೆಟ್ಟಿಲ ಮೇಲೆ ನಿಂತಳು. ಅವರೂ ನಿಲ್ಲಬೇಕಾಯಿತು. ಕೆಳಗಿನಿಂದ ಹತ್ತಿ ಬರುತ್ತಿದ್ದ ಇಬ್ಬರು ಗೋಡೆಗೆ ಸರಿದು ದಾಟಿಕೊಂಡು ಹೋದರು. ಮಾತು ಬರಲು ಹೊತ್ತು ಹಿಡಿಯಿತು. ಮುಖ್ಯಸ್ಥರ ತುಟಿ ಎರಡು ಸಲ ಅಲುಗಿತು, ಎರಡೂ ಸಲ ಅವರೇ ತಡೆದುಕೊಂಡರು.

“ನನಗೆ ಒಳ್ಳೇದೇ ಆಯ್ತು ಸಾರ್” ಎಂದಳು. ಬೆಳಗಿನ ಸ್ಯಾಂಪಲ್‌ಗಳು ಬಾಕಿ ಇದ್ದವು. ಅವರಿಗಿಂತ ಮೊದಲು ಇಳಿದು ಹೋದಳು.